ಮುಖ ಬರುವ ಜಾಗ

ಸ್ಮಾರಕ ಎಂಬ ಒಂದೇ ಒಂದು ಪದ ಬದುಕಿರುವ ಮನುಷ್ಯನ ಜೀವ ತೆಗೆಯಬಲ್ಲದು ಎಂದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಭ್ಯಂತರವಿಲ್ಲ. ಮೊದಮೊದಲು ಕತ್ತರಿಯೂ ನಕ್ಕಿದ್ದ.

ಕತ್ತರಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಸುಬು ಇಟ್ಟ ಹೆಸರು. ಬ್ಯಾನರ್ ಮುದ್ರಿಸುವ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಗುಂಪಿನ ಫೋಟೋದಿಂದ ಬೇಕಾದವರ ತಲೆಯನ್ನು ಕತ್ತರಿಸಿ, ಬೇಕಾದ ಕೋಟಿನ ಮೇಲೆ ಕೂರಿಸುವುದು ಅವನ ಕೆಲಸ. ಗಿರಾಕಿಯ ಫೋಟೋ ಕೈಗೆ ಬರುವ ಮೊದಲು ಅಳತೆ ನೋಡಲಿಕ್ಕೆಂದು ಮುಖ ಬರುವ ಜಾಗದಲ್ಲಿ ತನ್ನದೇ ಪಾಸ್‌ಪೋರ್ಟ್ ಫೋಟೋ ಇಟ್ಟುಕೊಳ್ಳುವುದು ಅವನ ರೂಢಿ. ಹಾಗಾಗಿ ಆ ಕಂಪ್ಯೂಟರಿನೊಳಗೆ ಅವನು ಎಷ್ಟೋ ಸಲ ಮದುವೆಯಾಗಿದ್ದ, ಎಷ್ಟೋ ಸಲ ಸಂಘದ ಅಧ್ಯಕ್ಷನಾಗಿದ್ದ, ಒಮ್ಮೆ ಸೀಮಂತವನ್ನೂ ಮಾಡಿಸಿಕೊಂಡಿದ್ದ. ನಿಜವಾದ ಫೋಟೋ ಬಂದ ಕೂಡಲೇ ಪಾಪದವನು ಗದ್ದುಗೆ ಬಿಟ್ಟು ಇಳಿಯುತ್ತಿದ್ದ.

ಅಂಗಡಿ ಹೆಂಡತಿಯ ಅಣ್ಣನದು. ಮನೆಯಲ್ಲಿ ಭಾವ, ಅಂಗಡಿಯಲ್ಲಿ ಯಜಮಾನ. ಈ ಭಾವ ಸಮಾಧಾನವಾಗಿದ್ದಾಗ ಕತ್ತರಿಯನ್ನು ‘ನೀನು’ ಎನ್ನುತ್ತಿದ್ದ, ಸಿಟ್ಟು ಬಂದಾಗ ‘ತಾವು’ ಎನ್ನುತ್ತಿದ್ದ. ಹಿಂದೊಮ್ಮೆ ಒಂದು ಮದುವೆಯ ಬ್ಯಾನರಿನಲ್ಲಿ ಹುಡುಗಿಯ ಜಾಗಕ್ಕೆ ಹುಡುಗಿಯ ತಾಯಿ ಬಂದು ಕೂತಿದ್ದಳು. ಅವತ್ತು ಭಾವ ಬಹಳ ಮರ್ಯಾದೆಯಿಂದ, ಇನ್ನೊಂದು ಸಲ ಹೀಗಾದರೆ ತಾವು ಬೇರೆ ಕಡೆ ದಯಮಾಡಿಸಬಹುದು ಎಂದಿದ್ದ. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಅಣ್ಣನ ಕೈಕಾಲು ಹಿಡಿದು ಕೊಡಿಸಿದ ಕೆಲಸ ಅದು. ಅದೂ ಹೋಯ್ತು ಅಂದ್ರೆ ನೀವು ಯಾವ ಮುಖ ಇಟ್ಕೊಂಡು ಈ ಮನೆಗೆ ಬರ್ತೀರಿ ಅಂತ ನೋಡ್ತೀನಿ.”

ಯಾವ ಮುಖ ಎಂಬುದು ಈ ಕತೆಯ ಕೊನೆಯಲ್ಲಿ ಗೊತ್ತಾಗುತ್ತದೆ.

ಚುನಾವಣೆ ಬಂತು. ಊರಿನ ಸಾಹೇಬರು ಹೋದ ಸಲ ಗೆದ್ದ ಮೇಲೆ ಊರಿನ ಕಡೆ ತಲೆ ಹಾಕಿರಲಿಲ್ಲ. ಸಾಹೇಬರು ಎಲ್ಲಿಗೆ ಹೋದರು ಎಂದು ಎದುರಾಳಿಗಳು ಊರೆಲ್ಲ ಡಂಗುರ ಹೊಡೆಯುತ್ತಿದ್ದರು. ಅದಕ್ಕೆ ಉತ್ತರವಾಗಿ ಸಾಹೇಬರ ಪ್ರಚಾರ ನೋಡಿಕೊಳ್ಳುವ ಮೇಷ್ಟ್ರು ಒಂದು ವಾಕ್ಯ ಹೊಸೆದು ತಂದರು. ಇವರು ಹಿಂದೆ ನಿಜವಾಗಿಯೂ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಈಗಲೂ ಉಕ್ತಲೇಖನ ಕೊಡುವ ಹಾಗೆಯೇ ಮಾತಾಡುವವರು.

“ಬರ್ಕೋ. ನಾನೆಲ್ಲಿಗೂ ಹೋಗಿಲ್ಲ. ಪೂರ್ಣವಿರಾಮ. ನಿಮ್ಮ ನಡುವೆಯೇ ಇದ್ದೇನೆ. ಪೂರ್ಣವಿರಾಮ. ಹಿಂದೆ ಸ್ಮಾರಕ ಇರ್ಲಿ. ಮುಖದಲ್ಲಿ ತೇಜಸ್ಸು ಕಾಣ್ಲಿ.”

ವೃತ್ತದಲ್ಲಿ ಕಟ್ಟುವ ದೊಡ್ಡ ಬ್ಯಾನರಿಗೆ ಒಂದು ಫೋಟೋ ಕೊಟ್ಟು, ಓಣಿಗಳಲ್ಲಿ ಕಟ್ಟುವ ಸಣ್ಣವಕ್ಕೆ ಬೇರೆ ಫೋಟೋ ಕಳಿಸುತ್ತೇನೆಂದು ಹೇಳಿ ಮೇಷ್ಟ್ರು ಹೊರಟುಹೋದರು.

ಮೇಷ್ಟ್ರ ಮನಸ್ಸಿನಲ್ಲಿದ್ದದ್ದು ಗುಡ್ಡದ ಮೇಲಿನ ಹಳೆಯ ಕಲ್ಲಿನ ಗೋಪುರ, ಊರಿಗೆಲ್ಲ ಹೆಮ್ಮೆಯದು. ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ‘ಸ್ಮಾರಕ’ ಎಂಬ ಹೆಸರಿನಡಿ ಇದ್ದದ್ದು ಸತ್ತವರ ನೆನಪಿನ ಕಾರ್ಡಿಗೆ ಬಳಸುವ ಚಿತ್ರಗಳು. ಕತ್ತರಿ ಅದನ್ನು ತೆರೆದ. ಸಂಜೆಗೆಂಪಿನಲ್ಲಿ ಒಂದು ಬಿಳಿಯ ಗುಮ್ಮಟ, ಎರಡು ಕಡೆ ಎರಡು ದೀಪ. ಎಷ್ಟು ಚೆನ್ನಾಗಿದೆ ಎಂದುಕೊಂಡು ಹಾಕಿಯೇಬಿಟ್ಟ. ಅದು ಊರಾಚೆಯ ಸ್ಮಶಾನದಲ್ಲಿರುವ ಯಾರದೋ ಮುತ್ತಜ್ಜನ ಸಮಾಧಿ. ಇನ್ನು ತೇಜಸ್ಸು. ಸಂತರೊಬ್ಬರ ಕ್ಯಾಲೆಂಡರಿನಿಂದ ಪ್ರಭಾವಳಿಯನ್ನು ಕಿತ್ತು ಸಾಹೇಬರ ಕಿವಿಗಳ ಹಿಂದೆ ಸಿಕ್ಕಿಸಿದ. ದೊಡ್ಡದು ಮುಗಿಯಿತು. ಸಣ್ಣದರ ಫೋಟೋ ಬರುವುದು ತಡವಾಯಿತು. ಬಂದಾಗ ಅವನಿಗೆ ಕಣ್ಣು ಎಳೆಯುತ್ತಿತ್ತು, ಅದನ್ನೂ ಕೂರಿಸಿ ಮುಚ್ಚಿದ. ಮುಚ್ಚುವಾಗ ಕಂಪ್ಯೂಟರು ಎಂದಿನಂತೆ ಏನನ್ನೋ ಕೇಳಿತು. ಬೇಡ ಎಂದು ಒತ್ತಿ, ಮುದ್ರಣವನ್ನು ಯಂತ್ರದ ಹುಡುಗನಿಗೆ ಬಿಟ್ಟು, ಮನೆಗೆ ಹೋಗಿ ಮಲಗಿದ.

ಬೆಳಿಗ್ಗೆ ಫೋನು ಬಡಿದುಕೊಂಡಿತು.

“ತಾವು ಈ ಕೂಡಲೇ ವೃತ್ತಕ್ಕೆ ದಯಮಾಡಿಸಬೇಕು,” ಎಂದಿತು ಭಾವನ ಧ್ವನಿ. ಅಷ್ಟಕ್ಕೇ ಫೋನಿನ ಚಾರ್ಜು ಮುಗಿದು ಅದು ಸತ್ತುಹೋಯಿತು. ‘ತಾವು’ ಎಂಬುದನ್ನು ಕೇಳಿ ಕತ್ತರಿಯದೂ ಅರ್ಧ ಜೀವ ಹೋಗಿತ್ತು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿಕೊಂಡು ಓಡಿದ.

ಅವತ್ತು ಮಂಜು ಕವಿದಿತ್ತು. ವೃತ್ತದ ನಡುವೆ ಮಂಜಿನ ಮೇಲೆ ಸಾಹೇಬರು ತೇಲುತ್ತಿದ್ದರು. ಕೈ ಮುಗಿದಿದ್ದರು, ತಲೆಯ ಸುತ್ತ ಚಿನ್ನದ ಬೆಳಕು, ಬೆನ್ನ ಹಿಂದೆ ಸಮಾಧಿ, ಎರಡು ದೀಪ. ನಾನೆಲ್ಲಿಗೂ ಹೋಗಿಲ್ಲ. ನಿಮ್ಮ ನಡುವೆಯೇ ಇದ್ದೇನೆ. ಕೆಳಗೆ ಯಾರೋ ಹೂ ಇಟ್ಟಿದ್ದರು, ಒಂದಿಷ್ಟು ಮೇಣದ ಬತ್ತಿ ಉರಿಯುತ್ತಿದ್ದವು. ಮುದುಕರೊಬ್ಬರು ಟೋಪಿ ತೆಗೆದು ನಿಂತಿದ್ದರು. ಅವರ ಪಕ್ಕದವನು ಮೆಲ್ಲಗೆ ಕೇಳಿದ:

“ಯಾವಾಗ ಹೋದ್ರಂತೆ?”

“ಹೋಗಿಲ್ಲ ಅಂತ ಅವರೇ ಬರೆಸಿದಾರಲ್ಲ.”

“ನನಗೂ ಅದೇ ಭಯ.”

ಭಾವ ಕಂಬದ ಹಿಂದೆ ಅಡಗಿ ನಿಂತಿದ್ದ. ಸಂತರ ಭಕ್ತರು ಪ್ರಭಾವಳಿ ವಾಪಸು ಕೇಳುತ್ತಿದ್ದಾರೆ, ಮುತ್ತಜ್ಜನ ಮರಿಮಕ್ಕಳು ಸಮಾಧಿ ವಾಪಸು ಕೇಳುತ್ತಿದ್ದಾರೆ ಎಂದು ಹಲ್ಲು ಕಡಿದ. ಸಂಜೆ ಸಾಹೇಬರ ಮೆರವಣಿಗೆ ಇದೇ ವೃತ್ತಕ್ಕೆ ಬರುತ್ತದೆ. ಸಣ್ಣವನ್ನು ನಿಧಾನಕ್ಕೆ ಇಳಿಸಿದರಾಯಿತು, ಮೊದಲು ಇದು ಇಳಿಯಬೇಕು.

“ಮೆರವಣಿಗೆ ಬಂದಾಗ ಇದು ಇಲ್ಲಿದ್ರೆ, ನಾಳೆ ತಾವು ಅಂಗಡೀಲಿ ಇರಲ್ಲ.”

ಇಳಿಸಲು ಏಣಿ ಬೇಕು. ಊರಿಗೆಲ್ಲ ಅಷ್ಟು ಉದ್ದದ ಏಣಿ ಇದ್ದದ್ದು ಏಣಿಯಪ್ಪನ ಹತ್ತಿರ ಮಾತ್ರ. ಅವನು ನಸುಕಿನಲ್ಲೇ ಸಣ್ಣ ಬ್ಯಾನರುಗಳನ್ನು ಹೊತ್ತು ಓಣಿಗಳಿಗೆ ಹೋಗಿದ್ದ. ಫೋನು ಇಟ್ಟುಕೊಳ್ಳುವ ಆಸಾಮಿಯಲ್ಲ. ಹಗ್ಗ ಕಟ್ಟುವ ನಾಲ್ಕು ಮೂಲೆ ಬಿಟ್ಟರೆ ಬ್ಯಾನರಿನ ಮಧ್ಯದಲ್ಲಿ ಏನಿರುತ್ತದೆಂದು ಜನ್ಮದಲ್ಲಿ ನೋಡಿದವನೂ ಅಲ್ಲ. ಕತ್ತರಿ ಅವನನ್ನು ಹುಡುಕಿಕೊಂಡು ಹೊರಟ.

ಓಣಿಗಳಲ್ಲಿ ಬ್ಯಾನರುಗಳು ಆಗಲೇ ತಲೆಯ ಮೇಲೆ ಅಡ್ಡಲಾಗಿ ತೂಗುತ್ತಿದ್ದವು. ಊರಿನೊಳಕ್ಕೆ ಬರುವವರ ಕಡೆ ಮುಖ ಮಾಡಿ ಕಟ್ಟಿದ್ದರಿಂದ ವೃತ್ತದಿಂದ ಹೊರಗೆ ಹೋಗುವ ಕತ್ತರಿಗೆ ಕಂಡದ್ದು ಅವುಗಳ ಬೆನ್ನು ಮಾತ್ರ. ಬಿಳೀ ಬೆನ್ನು. ಒಂದರ ಹಿಂದೆ ಒಂದು ಬಿಳೀ ಬಟ್ಟೆ, ಗಾಳಿಯಿಲ್ಲದಿದ್ದರೂ ಸಣ್ಣಗೆ ಸರಬರ ಸದ್ದು. ಅವುಗಳಡಿ ದಾಟುವಾಗ ಕತ್ತರಿ ಹೆಜ್ಜೆ ಜೋರು ಮಾಡಿದ. ತಿರುಗಿ ನೋಡಲು ಅವನಿಗೆ ಮನಸ್ಸಾಗಲಿಲ್ಲ. ನೋಡುವುದೇನಿದೆ, ಅದೇ ಸಮಾಧಿ, ಅದೇ ದೀಪ. ಮಾಡಿದ ತಪ್ಪಿನ ಮುಖವನ್ನು ಮತ್ತೆ ಮತ್ತೆ ನೋಡುವ ಹುಮ್ಮಸ್ಸು ಯಾರಿಗಿರುತ್ತದೆ?

ಬಿಸಿಲೇರಿತು, ಮಂಜು ಹರಿಯಿತು, ಆದರೆ ಊರು ಮಾತ್ರ ತಣ್ಣಗಾಗುತ್ತಾ ಹೋಯಿತು. ದಿನವೂ ಕರೆದು ಮಾತಾಡಿಸುವ ಟೀ ಅಂಗಡಿಯವನು ಇವನನ್ನು ಕಂಡು ಲೋಟ ಕೈಬಿಟ್ಟ. ಏಣಿಯಪ್ಪನನ್ನು ನೋಡಿದೆಯಾ ಎಂದು ಕೇಳಿದರೆ, ಬೇರೆ ಲೋಟಕ್ಕೆ ಟೀ ತುಂಬಿ, ಅದನ್ನು ಕಟ್ಟೆಯ ತುದಿಗೆ ಜರುಗಿಸಿ, ತಾನು ಒಲೆಯ ಹಿಂದಕ್ಕೆ ಸರಿದ. ದುಡ್ಡು ಕೊಡಲು ಹೋದರೆ ಬೇಡ ಬೇಡ ಎಂದು ಎರಡೂ ಕೈ ಮುಗಿದ. ಕಟಿಂಗ್ ಶಾಪಿನವನು ಇನ್ನೂ ವಿಚಿತ್ರ. ಕತ್ತರಿ ಬಾಗಿಲಲ್ಲಿ ನಿಂತಾಗ ಅವನು ಮೊದಲು ಕನ್ನಡಿ ನೋಡಿದ, ಆಮೇಲೆ ಬಾಗಿಲು ನೋಡಿದ, ಮತ್ತೆ ಕನ್ನಡಿ ನೋಡಿದ. ಕನ್ನಡಿಯಲ್ಲೂ ಕತ್ತರಿ ಇದ್ದದ್ದು ಅವನಿಗೆ ಸ್ವಲ್ಪ ಸಮಾಧಾನ ಕೊಟ್ಟಂತಿತ್ತು. ಆಮೇಲೆ ಕಣ್ಣು ಇಳಿಸಿ ಕಾಲು ನೋಡಿದ.

ಎಲ್ಲರೂ ಅವನ ಕಾಲನ್ನೇ ನೋಡುತ್ತಿದ್ದರು. ಹಾಳಾದ್ದು, ಚಪ್ಪಲಿ ಅದಲುಬದಲಾದದ್ದು ಊರಿಗೆಲ್ಲ ಗೊತ್ತಾಗಿಬಿಟ್ಟಿದೆ ಎಂದು ಕತ್ತರಿ ಪಾದಗಳನ್ನು ಒಳಗೆ ಮಡಚಿಕೊಂಡು ವಕ್ರವಕ್ರವಾಗಿ ನಡೆಯತೊಡಗಿದ. ಅದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. ಅವನು ಹೆಜ್ಜೆಯಿಟ್ಟ ಓಣಿಯಲ್ಲಿ ಕಿಟಕಿಗಳು ಪಟಪಟ ಮುಚ್ಚಿದವು. ಬೊಗಳಬೇಕಾದ ನಾಯಿ ಬಾಲ ಮುದುರಿ ಗಾಡಿಯಡಿ ತೂರಿತು. ಒಂದು ಬ್ಯಾನರಿಗಾಗಿ ಇಷ್ಟು ಸಿಟ್ಟೇ ಈ ಜನಕ್ಕೆ ಎಂದು ಅವನಿಗೆ ಅಳು ಬಂದಂತಾಯಿತು.

ಒಂದು ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಮಾತ್ರ ಹೆದರಲಿಲ್ಲ. ಕಣ್ಣ ಮೇಲೆ ಕೈಯಿಟ್ಟು, ಬ್ಯಾನರನ್ನೊಮ್ಮೆ, ಇವನನ್ನೊಮ್ಮೆ ನೋಡಿ ಹತ್ತಿರ ಕರೆದಳು.

“ಅಲ್ಲಿಂದ ಬಂದ್ಯಾ ಮಗಾ?”

ಅಲ್ಲಿ ಎಂದರೆ ವೃತ್ತವಿರಬೇಕು ಎಂದುಕೊಂಡ ಕತ್ತರಿ ಹೌದೆಂದ.

“ನಮ್ಮ ಯಜಮಾನ್ರು ಸಿಕ್ಕಿದ್ರಾ? ಕುಳ್ಳಗಿದಾರೆ, ಸ್ವಲ್ಪ ಸಿಡುಕು.”

“ಗಮನಿಸಲಿಲ್ಲ ಅಜ್ಜಿ. ತುಂಬಾ ಜನ ಇದ್ರು.”

“ಇರ್ತಾರೆ, ಇರ್ತಾರೆ. ದಿನಾ ಹೋಗ್ತಾನೇ ಇದಾರಲ್ಲ.” ಅಜ್ಜಿ ನಿಟ್ಟುಸಿರು ಬಿಟ್ಟಳು. “ವಾಪಸ್ ಹೋದಾಗ ಸಿಕ್ರೆ ಹೇಳು. ಹಲ್ಲಿನ ಸೆಟ್ಟು ಇಲ್ಲೇ ಬಿಟ್ಟು ಹೋಗಿದಾರೆ. ಊಟಕ್ಕೆ ಏನ್ ಮಾಡ್ತಿದಾರೋ ಅಂತ ನಂಗೆ ನಿದ್ದೆ ಬರಲ್ಲ. ನಿನ್ ಮನೆ ಎಲ್ಲಿ?”

ಕೊನೆಗೂ ಮನುಷ್ಯರಂತೆ ಮಾತಾಡುವವರು ಒಬ್ಬರಾದರೂ ಸಿಕ್ಕರಲ್ಲ ಎಂದು ಕತ್ತರಿ ಮನೆಯ ಗುರುತು ಹೇಳಿ, ಖಂಡಿತ ತಿಳಿಸುತ್ತೇನೆ ಎಂದು ಮಾತು ಕೊಟ್ಟು ಹೊರಟ.

ಏಣಿಯಪ್ಪ ಸಿಕ್ಕಿದ್ದು ಊರಿನ ಅಂಚಿನಲ್ಲಿ, ಏಣಿಯನ್ನೇ ಮಂಚ ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದಾಗ. ಎಲ್ಲಾ ಕಟ್ಟಿಯಾಯಿತು, ನಿಮ್ಮ ಓಣಿಯ ಬಾಯಿಗೂ ಒಂದು ಬಿಗಿದಿದ್ದೇನೆ ಎಂದು ಅವನು ಹೆಮ್ಮೆಯಿಂದ ಹೇಳಿದ. ಆ ಅಜ್ಜಿಯನ್ನು ಬಿಟ್ಟರೆ ಇಡೀ ದಿನದಲ್ಲಿ ಕತ್ತರಿಯ ಕಾಲು ನೋಡದವನು ಅವನೊಬ್ಬನೇ. ಅಷ್ಟುದ್ದದ ಏಣಿ ಓಣಿಯ ತಿರುವುಗಳಲ್ಲಿ ತಿರುಗುವುದಿಲ್ಲ. ಇಬ್ಬರೂ ಅದನ್ನು ಹೆಗಲಿಗೇರಿಸಿಕೊಂಡು ಕಾಲುವೆಯ ದಂಡೆ ಹಿಡಿದು ವೃತ್ತಕ್ಕೆ ಬಂದರು.

ವೃತ್ತದಲ್ಲಿ ಜನ ಇನ್ನೂ ಹೆಚ್ಚಾಗಿದ್ದರು. ಕತ್ತರಿಯನ್ನು ಕಂಡದ್ದೇ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಅವನು ಏಣಿ ಹತ್ತಿದ. ಹಗ್ಗ ಬಿಚ್ಚುವಾಗ ಸಾಹೇಬರ ದೊಡ್ಡ ಮುಖ ಅವನ ಕಿವಿಗೆ ಕಿವಿ ತಾಗಿಸಿಕೊಂಡು ನಿಂತಿತ್ತು, ಪ್ರಭಾವಳಿ ಇಬ್ಬರಿಗೂ ಸೇರಿದ ಹಾಗಿತ್ತು. ಕೆಳಗೆ ಒಬ್ಬ ಹೆಂಗಸು ಬಿಕ್ಕಿದಳು.

“ಪಾಪ, ಎಂಥಾ ನಿಯತ್ತು. ಈಗಲೂ ಬಂದು ಕೆಲಸ ಮಾಡ್ತಿದಾನೆ ನೋಡ್ರೇ.”

ಈಗಲೂ ಎಂದರೆ ಏನು ಎಂದು ಕತ್ತರಿಗೆ ಹೊಳೆಯಲಿಲ್ಲ. ಬ್ಯಾನರನ್ನು ಇಳಿಸಿ, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದರೆ ಬಾಗಿಲು ಹಾಕಿತ್ತು. ಚುನಾವಣೆಯ ಕಾಲದಲ್ಲಿ, ಹಾಡುಹಗಲಲ್ಲಿ! ಪಕ್ಕದ ಅಂಗಡಿಯವನನ್ನು ಕೇಳೋಣವೆಂದು ತಿರುಗಿದರೆ ಅವನು ಒಳಗಿನಿಂದಲೇ ಷಟರ್ ಎಳೆದುಕೊಂಡ. ಕತ್ತರಿ ಅಂಗಡಿಯ ಬಾಗಿಲನ್ನು ಒಮ್ಮೆ ಜಗ್ಗಿ ನೋಡಿದ. ಕೆಲಸ ಹೋಯಿತು, ಭಾವ ತನ್ನ ಮುಖ ನೋಡಲೂ ಇಷ್ಟವಿಲ್ಲದೆ ಬಾಗಿಲು ಹಾಕಿದ್ದಾನೆ ಎಂದುಕೊಂಡ. ದೂರದಲ್ಲಿ ಮೆರವಣಿಗೆಯ ಸದ್ದು ಕೇಳಿತು. ಸಾಹೇಬರಿಗೆ ಎದುರಾಗುವುದು ಬೇಡವೆಂದು ಊರಿನ ಹೊರರಸ್ತೆಯಲ್ಲಿ ಸುತ್ತು ಹಾಕಿ, ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಬಹಳ ಹೊತ್ತು ಕೂತು, ಮನೆಯ ಕಡೆ ನಡೆದ. ಹೆಂಡತಿಗೆ ಏನು ಹೇಳುವುದು? ಯಾವ ಮುಖ ಇಟ್ಟುಕೊಂಡು ಹೇಳುವುದು?

ಓಣಿಯ ಬಾಯಿಗೆ ಬಂದು ತಲೆ ಎತ್ತಿದ. ಹೊರಗಿನಿಂದ ಬಂದಿದ್ದರಿಂದ ಈ ಸಲ ಬ್ಯಾನರು ಬೆನ್ನು ತೋರಿಸಲಿಲ್ಲ.

ಮುಚ್ಚಂಜೆಯ ಬೆಳಕಿನಲ್ಲಿ ಬಿಳಿಯ ಗುಮ್ಮಟ ಹೊಳೆಯುತ್ತಿತ್ತು. ಎರಡು ದೀಪ. ಚಿನ್ನದ ಪ್ರಭಾವಳಿ. ಅದರ ನಡುವೆ, ಮುಖ ಬರುವ ಜಾಗದಲ್ಲಿ, ಪಾಸ್‌ಪೋರ್ಟ್ ಫೋಟೋದ ಪೆಚ್ಚು ನಗೆ ನಗುತ್ತಾ ಕತ್ತರಿ ಕತ್ತರಿಯನ್ನೇ ನೋಡುತ್ತಿದ್ದ. ನಾನೆಲ್ಲಿಗೂ ಹೋಗಿಲ್ಲ. ನಿಮ್ಮ ನಡುವೆಯೇ ಇದ್ದೇನೆ. ಕೆಳಗೆ ಸಾಹೇಬರ ಹೆಸರು, ಪಕ್ಷದ ಚಿಹ್ನೆ.

ಕಂಪ್ಯೂಟರು ನಿನ್ನೆ ಕೇಳಿದ್ದೇನೆಂದು ಅವನಿಗೆ ಈಗ ನೆನಪಾಯಿತು. ಬದಲಾವಣೆಯನ್ನು ಉಳಿಸಿಕೊಳ್ಳಲೇ ಎಂದು ಅದು ಕೇಳಿತ್ತು. ಬೇಡ ಎಂದವನು ಅವನೇ, ಅಳತೆಗೆ ಇಟ್ಟ ಮುಖ ಹಾಗೇ ಉಳಿದಿತ್ತು. ಟೀ ಅಂಗಡಿ, ಕನ್ನಡಿ, ಕಾಲು, ನಾಯಿ ಎಲ್ಲ ಒಟ್ಟಿಗೆ ಅರ್ಥವಾಯಿತು. ದೆವ್ವದ ಕಾಲು ಹಿಂದುಮುಂದಾಗಿರುತ್ತದಲ್ಲ, ಜನ ನೋಡಿದ್ದು ಅದನ್ನು. ಅವನೋ ಇಡೀ ಊರಿಗೆ ಪಾದ ತಿರುಚಿ ನಡೆದು ತೋರಿಸಿದ್ದ!

ಮನೆಯ ಮುಂದೆ ಬಾಡಿಗೆ ಕುರ್ಚಿಗಳು, ತುಂಬ ಜನ. ಎದುರುಮನೆಯ ನಿವೃತ್ತ ಗುಮಾಸ್ತರು, ಅವನ ವಿಷಯ ಅವನಿಗಿಂತ ಚೆನ್ನಾಗಿ ಬಲ್ಲವರು, ಸಾಯುವ ಹಿಂದಿನ ದಿನ ಕತ್ತರಿ ತಮ್ಮ ಹತ್ತಿರ ಏನು ಮಾತಾಡಿದ್ದ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು. ಆರು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಕತ್ತರಿ ಗೋಡೆಯ ನೆರಳು ಹಿಡಿದು ಹಿತ್ತಲಿಗೆ ನುಗ್ಗಿ ಅಡುಗೆಮನೆಯ ಬಾಗಿಲು ತಳ್ಳಿದ.

ಹೆಂಡತಿ ಒಲೆಯ ಮುಂದೆ ಒಬ್ಬಳೇ ನಿಂತಿದ್ದಳು. ಅವನನ್ನು ನೋಡಿ ಚೀರಲಿಲ್ಲ. ಓಡಿ ಬಂದು ಅವನ ಬಾಯಿಗೆ ಕೈ ಅಡ್ಡ ಇಟ್ಟು, ಬಾಗಿಲಿಗೆ ಅಗುಳಿ ಹಾಕಿದಳು. ಆಮೇಲೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಯಾಗಿದೆಯೇ ಎಂದು ನೋಡುವವಳ ಹಾಗೆ ಒತ್ತಿ ಒತ್ತಿ ಮುಟ್ಟಿದಳು.

“ಮೊದಲು ನಾನು ನಿಜವಾಗಿ ಅತ್ತೆ,” ಎಂದಳು ಪಿಸುದನಿಯಲ್ಲಿ. “ಆಮೇಲೆ ಅಣ್ಣ ಕಿವೀಲಿ ವಿಷಯ ಹೇಳಿದ. ಆಮೇಲೆ ಸಿಟ್ಟಿಗೆ ಅತ್ತೆ. ಬೆಳಗಿಂದ ಫೋನ್ ಮಾಡಿ ಮಾಡಿ ಸಾಕಾಯ್ತು. ಎಲ್ಲಿ ಸತ್ತಿದ್ರಿ?”

ಕತ್ತರಿ ಅವಳ ಕೈ ಹಿಡಿದು ನಿಂತ. ಮದುವೆಯಾದ ಮೇಲೆ ಅವಳು ಅವನಿಗಾಗಿ ಇಷ್ಟು ಅತ್ತದ್ದನ್ನು ಅವನು ನೋಡಿರಲಿಲ್ಲ, ಒಳಗೊಳಗೇ ಸಂತೋಷವೂ ಆಯಿತು.

ವಿಷಯವೇನೆಂದರೆ, ಬೆಳಿಗ್ಗೆ ಮೇಷ್ಟ್ರು ಓಣಿಗಳನ್ನು ಸುತ್ತಿ ಅಂಗಡಿಗೆ ಬಂದು, ನಮ್ಮ ಹಣದಲ್ಲಿ ಯಾರ ಮುಖ ಮೆರೆಸುತ್ತಿದ್ದೀರಿ ಎಂದು ಮೇಜು ಗುದ್ದಿದ್ದರು. ಪಕ್ಷದ ಕೆಲಸವೆಲ್ಲ ಕೈತಪ್ಪುತ್ತದೆಂದು ಹೆದರಿದ ಭಾವನ ಬಾಯಿಂದ ಒಂದು ಮಾತು ಬಿದ್ದುಹೋಗಿತ್ತು: ಅದು ನಮ್ಮ ಕತ್ತರಿ, ಸಾಹೇಬರ ಬ್ಯಾನರ್ ಮಾಡ್ತಾ ಮಾಡ್ತಾ ಕಂಪ್ಯೂಟರ್ ಮುಂದೆಯೇ ಪ್ರಾಣ ಬಿಟ್ಟ, ಇದು ನಮ್ಮ ಶ್ರದ್ಧಾಂಜಲಿ. ಮೇಷ್ಟ್ರು ತಣ್ಣಗಾದರು. ಸಾಹೇಬರು ಮೆರವಣಿಗೆಯಲ್ಲಿ ಮೈಕು ಹಿಡಿದು ಗದ್ಗದಿತರಾದರು. ಈ ಚುನಾವಣೆಯಲ್ಲಿ ಅವರ ಭಾಷಣಕ್ಕೆ ಜನ ಅತ್ತದ್ದು ಅದೇ ಮೊದಲು. ಈಗ ಅವರು ಮುಂದಿನ ಕೋಣೆಯಲ್ಲೇ ಕೂತಿದ್ದರು, ಧ್ವನಿ ಇಲ್ಲಿಗೂ ಕೇಳುತ್ತಿತ್ತು.

“ನಮ್ಮ ಪ್ರೀತಿಯ... ಏನ್ರೀ ಮೇಷ್ಟ್ರೇ ಅವನ ಹೆಸರು? ಹಾಂ, ಕತ್ತರಿ. ನನ್ನ ತಮ್ಮನ ಹಾಗಿದ್ದ.”

ಅಡುಗೆಮನೆಗೆ ಬಂದ ಭಾವ, ಕತ್ತರಿಯನ್ನು ಕಂಡು ಸಮಾಧಾನದಿಂದ ಎದೆಯ ಮೇಲೆ ಕೈಯಿಟ್ಟುಕೊಂಡ.

“ಸದ್ಯ, ಬಂದೆಯಲ್ಲ. ಮತದಾನ ಮುಗಿಯೋವರೆಗೂ ನೀನು ಹೊರಗೆ ಕಾಣಿಸ್ಕೋಬೇಡ.”

‘ನೀನು’ ಎಂದದ್ದನ್ನು ಕೇಳಿ ಕತ್ತರಿಗೆ ಜೀವ ಬಂತು. ‘ಕೆಲಸ ಉಳಿಯಿತಲ್ಲ, ಭಾವ,’ ಎಂದ.

“ಉಳೀತು. ಸಾಹೇಬರು ಎಲ್ಲರ ಮುಂದೆ ಮಾತು ಕೊಟ್ಟಿದಾರೆ, ಸತ್ತವನ ಹೆಂಡತಿಗೆ ಅನುಕಂಪದ ಮೇಲೆ ಅವನ ಕೆಲಸ ಅಂತ. ನಾಳೆಯಿಂದ ಇವಳು ಅಂಗಡಿಗೆ ಬರ್ತಾಳೆ.”

“ಮತದಾನ ಆದ್ಮೇಲೆ ನಾನು?”

“ಸಾಹೇಬರು ಗೆದ್ರೆ ವೃತ್ತದಲ್ಲಿ ನಿನಗೊಂದು ಸ್ಮಾರಕ ಕಟ್ಟಿಸ್ತಾರಂತೆ. ಕಟ್ಟಿದ ಮೇಲೆ ನೀನು ಬದುಕಿದ್ರೆ ಚೆನ್ನಾಗಿರುತ್ತಾ? ನೀನೇ ಹೇಳು.”

ಕತ್ತರಿ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣೊರೆಸಿಕೊಂಡು ಟೀ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಮುಖ ಎತ್ತದೆಯೇ ಕೇಳಿದಳು:

“ಆ ಕಂಪ್ಯೂಟರ್ ಆನ್ ಮಾಡೋದು ಹೇಗೆ ಅಂತ ಆಮೇಲೆ ಹೇಳಿಕೊಡ್ತೀರಾ?”

ಅಣ್ಣ ತಂಗಿ ಇಬ್ಬರೂ ಟೀ ಹಿಡಿದು ಮುಂದಿನ ಕೋಣೆಗೆ ಹೋದರು, ಅಲ್ಲಿ ಅಳು ಮತ್ತೆ ಶುರುವಾಯಿತು. ಕತ್ತರಿ ದೀಪ ಹಚ್ಚದ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತ. ತನಗಾಗಿ ಇಷ್ಟು ಜನ ಅಳುವುದನ್ನು ಕೇಳುತ್ತಾ ಕೇಳುತ್ತಾ, ಅವನಿಗೂ ಆ ಕತ್ತರಿಯ ಮೇಲೆ ಅಯ್ಯೋ ಪಾಪ ಅನ್ನಿಸಿತು. ಒಳ್ಳೆಯವನಿದ್ದ, ಇನ್ನೂ ವಯಸ್ಸಿತ್ತು. ಅವನೂ ಎರಡು ಹನಿ ಉದುರಿಸಿದ.

ಕಿಟಕಿಯ ಸರಳಿಗೆ ಯಾರೋ ಮೆಲ್ಲಗೆ ತಟ್ಟಿದರು. ಹೊರಗೆ ಆ ಅಜ್ಜಿ ನಿಂತಿದ್ದಳು. ಕತ್ತಲಲ್ಲಿ ಅವನ ಮುಖ ಕಂಡು ಅವಳಿಗೆ ಏನೇನೂ ಆಶ್ಚರ್ಯವಾಗಲಿಲ್ಲ.

“ಇನ್ನೂ ಹೊರಟಿಲ್ವಾ ಮಗಾ? ಒಳ್ಳೇದಾಯ್ತು. ಯಜಮಾನ್ರು ಸಿಕ್ಕಿದ್ರಾ?”

ತಾನು ಸತ್ತಿಲ್ಲ ಎಂದು ಹೇಳಲು ಕತ್ತರಿ ಬಾಯಿ ತೆರೆದ. ಒಳಗೆ ಸಾಹೇಬರು ಅವನ ಆತ್ಮಕ್ಕೆ ಶಾಂತಿ ಕೋರುತ್ತಿದ್ದರು. ಅಜ್ಜಿಯ ಕಣ್ಣುಗಳಲ್ಲಿ ಎಷ್ಟೋ ದಿನದ ನಿದ್ದೆಯಿರಲಿಲ್ಲ.

“ಸಿಕ್ಕಿದ್ರು ಅಜ್ಜಿ,” ಎಂದ. “ಚೆನ್ನಾಗಿದಾರೆ. ಗಂಜಿ ಕುಡೀತಿದಾರೆ.”

“ಗಂಜಿಯಾ? ಅಯ್ಯೋ, ಜನ್ಮದಲ್ಲಿ ಗಂಜಿ ಮುಟ್ಟಿದವರಲ್ಲ.” ಅಜ್ಜಿ ಕರವಸ್ತ್ರದಲ್ಲಿ ಸುತ್ತಿದ ಪುಟ್ಟ ಗಂಟೊಂದನ್ನು ಸರಳುಗಳ ನಡುವೆ ತೂರಿಸಿ ಅವನ ಅಂಗೈಗೆ ಒತ್ತಿದಳು. ಒಳಗೆ ಹಲ್ಲುಗಳು ಕಟಕಟ ಎಂದವು. “ಹೋಗ್ತಾ ತಗೊಂಡು ಹೋಗಿ ಕೊಟ್ಬಿಡು. ತಡ ಮಾಡ್ಬೇಡ, ಮಗಾ.”